ಬಿಚ್ಚದೆ ಇಟ್ಟ ಮೊದಲ ಪುಟ

ಆರು ವರ್ಷದ ಹಿಂದಿನ ಒಂದು ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಚಾಮರಾಜಪೇಟೆಯ ನಮ್ಮ ಅಚ್ಚುಕೂಟದ ಗೋಡೆ ಗಡಿಯಾರ ಐದು ನಿಮಿಷ ಮುಂದೆ ಓಡುತ್ತಿತ್ತು. ಆ ಐದು ನಿಮಿಷ ಕಳೆದೇ ಹೇಳುತ್ತಿದ್ದೇನೆ. ಅಚ್ಚಿನ ಮೊಳೆ ಜೋಡಿಸುವ ಮುನಿಸ್ವಾಮಿ ಕಾಫಿಗೆ ಹೋಗಿದ್ದವನು ವಾಪಸು ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಅಮ್ಮಾ, ಗವೀಪುರದಲ್ಲಿ ನಮ್ಮ ಕತೆ ನಡೆದ್ಬಿಟ್ಟಿದೆಯಂತೆ" ಎಂದ.

ನಾನು ನಕ್ಕೆ. ಆಮೇಲೆ ಎಷ್ಟೋ ರಾತ್ರಿ ಎದ್ದು ಕೂತು ಆ ದಿನವನ್ನು ಮೊದಲಿಂದ ನೆನಪು ಮಾಡಿಕೊಳ್ಳುವಾಗ, ಪ್ರತಿ ಸಲವೂ ಆ ನಗುವಿನಿಂದಲೇ ಶುರುವಾಗುತ್ತಿತ್ತು.

ಕತೆ ನಮ್ಮದು ಎಂದು ಅವನು ಹೇಳಿದರೂ ಬರೆದವರು ಮೇಷ್ಟ್ರು. ಅವರು ಹೋಗಿ ಈಗ ಎರಡು ತಿಂಗಳು. ಶಾಲೆಯ ಸಂತಾಪ ಸಭೆಯಲ್ಲಿ ಒಳ್ಳೆಯ ಲೆಕ್ಕದ ಮೇಷ್ಟ್ರು, ಒಂದು ದಿನ ತಡವಾಗಿ ಬಂದವರಲ್ಲ ಎಂದರು. ಪತ್ತೇದಾರಿ ಕತೆ ಬರೆಯುತ್ತಿದ್ದರು ಎಂಬ ಮಾತನ್ನು ಒಬ್ಬರೂ ಎತ್ತಲಿಲ್ಲ. ನಮ್ಮಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯಲ್ಲಿ ಅವರು ಬೇರೆ ಹೆಸರಿನಲ್ಲಿ ಬರೆಯುತ್ತಿದ್ದರು. ಬರೆಯುವವರು ಅವರೇ ಎಂದು ಅರ್ಧ ಬಸವನಗುಡಿಗೆ ಗೊತ್ತಿದ್ದರೂ ಆ ಗುಟ್ಟನ್ನು ಎಲ್ಲರೂ ಮರ್ಯಾದೆಯಿಂದ ಕಾಪಾಡುತ್ತಿದ್ದರು. ನಾನೂ ಅವರ ಹೆಸರು ಬರೆಯುವುದಿಲ್ಲ.

ಸಣಕಲು ಆಳು. ಮುಚ್ಚುಕೊರಳಿನ ಕೋಟು, ಅದರ ಎಡಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು. ಯೋಚನೆ ಬಂದಾಗ ಜೇಬಿಗೆ ಕೈ ಹಾಕಿ ಅವನ್ನು ಅರೆಯುವರು. ಸಂಜೆಯ ಹೊತ್ತಿಗೆ ಬೆರಳೆಲ್ಲ ಬಿಳಿ. ಕತೆ ಬರೆಯುತ್ತಿದ್ದದ್ದು ಹುಡುಗರ ಹಳೆಯ ಪರೀಕ್ಷೆ ಹಾಳೆಗಳ ಹಿಂಬದಿಯಲ್ಲಿ. ನಾನು ಒಂದು ಮಗ್ಗುಲಲ್ಲಿ ಕೊಲೆಯನ್ನು ತಿದ್ದಿ ಹಾಳೆ ಮಗುಚಿದರೆ ಇನ್ನೊಂದರಲ್ಲಿ ಹತ್ತು ಆಳು ಕಟ್ಟುವ ಗೋಡೆಯನ್ನು ಐದು ಆಳು ಎಷ್ಟು ದಿನದಲ್ಲಿ ಕಟ್ಟುವರು ಎಂಬ ಲೆಕ್ಕ, ಅದರ ಮೇಲೆ ಕೆಂಪು ಗೀಟು.

ನನ್ನನ್ನು ಆ ಅಚ್ಚುಕೂಟಕ್ಕೆ ಸೇರಿಸಿದವರೂ ಅವರೇ. ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ನಮ್ಮ ತಂದೆಯ ಹತ್ತಿರ ಬಂದು, "ಇಷ್ಟು ಓದಿಸಿ ಸಾರಿಗೆ ಒಗ್ಗರಣೆ ಹಾಕಿಸ್ತೀರೇನ್ರೀ? ಕರಡು ತಿದ್ದೋಕೆ ಕಳಿಸಿ, ನಾನಿದೀನಿ" ಎಂದರು. ಹಾಗೆ ಹೋದೆ. ಒಗ್ಗರಣೆ ಏನೂ ತಪ್ಪಲಿಲ್ಲ, ಬೆಳಗಿನ ಅಡಿಗೆ ಮುಗಿಸಿಯೇ ಹೋಗಬೇಕಾಗಿತ್ತು.

ಮೊದಲ ವರ್ಷವೇ ಕೇಳಿದ್ದೆ. "ಮೇಷ್ಟ್ರೇ, ನಿಮ್ಮ ಕತೆಗಳೆಲ್ಲ ಯಾಕೆ ಒಂದೇ ಥರ ಶುರುವಾಗುತ್ವೆ?"

"ಲೆಕ್ಕಾನೂ ಹಾಗೇ ಅಲ್ವೇನಮ್ಮಾ. ಗೋಡೆ ಅದೇ, ಆಳುಗಳು ಬೇರೆ."

ಇನ್ನೊಂದು ದಿನ ಕೇಳಿದಾಗ ಬೇರೆ ಉತ್ತರ. "ಹೊಸ ಕೊಲೆ ಯಾರಿಗೂ ಬೇಡ. ಮನೇಲಿ ಯಾರೋ ಒಬ್ಬರ ಮೇಲೆ ಅನುಮಾನ ಇಟ್ಕೊಂಡಿರೋರು ನಮ್ಮ ಪತ್ರಿಕೆ ಕೊಳ್ಳೋದು. ಅವರ ಅನುಮಾನ ಕೂತ್ಕೊಳ್ಳೋಕೆ ನಾನು ಒಂದು ಕುರ್ಚಿ ಹಾಕ್ತೀನಿ, ಅಷ್ಟೆ."

ನಿಜವಾದ ಕಾರಣ ಇನ್ನೂ ಸಣ್ಣದು. ನಮ್ಮಲ್ಲಿ ಮೊಳೆ ಜೋಡಿಸಲು ಇದ್ದವನು ಮುನಿಸ್ವಾಮಿ ಒಬ್ಬನೇ. ಒಂದೊಂದೇ ಅಕ್ಷರದ ಸೀಸದ ಮೊಳೆಯನ್ನು ಹೆಕ್ಕಿ ಪುಟ ಕಟ್ಟಬೇಕು. ಅಚ್ಚಾದ ಮೇಲೆ ಪುಟ ಬಿಚ್ಚಿ ಅಕ್ಷರಗಳನ್ನು ಅವುಗಳ ಗೂಡಿಗೆ ಹಾಕಬೇಕು. ಎಲ್ಲ ಪುಟಗಳನ್ನೂ ಬಿಚ್ಚುತ್ತಿದ್ದ, ಒಂದನ್ನು ಬಿಟ್ಟು. ಮೇಷ್ಟ್ರ ಕತೆಯ ಮೊದಲ ಪುಟವನ್ನು ದಾರದಿಂದ ಬಿಗಿದು ಕಟ್ಟಿ ಕಾಗದ ಸುತ್ತಿ ಹಲಗೆಯ ಮೇಲೆ ಇಡುತ್ತಿದ್ದ. ಹತ್ತು ಹನ್ನೆರಡು ವಾರಕ್ಕೆ ಒಂದು ಕತೆ ಮುಗಿದು ಹೊಸದು ಶುರುವಾಗುವಾಗ ಅದನ್ನು ಇಳಿಸಿ, ಹಳೆಯ ಹೆಸರುಗಳನ್ನು ಕಿತ್ತು ಹೊಸ ಹೆಸರು ಕೂರಿಸಿದರೆ ಅರ್ಧ ದಿನದ ಕೆಲಸ ಉಳಿಯುತ್ತಿತ್ತು. ಹೆಸರು ಆ ಜಾಗದಲ್ಲಿ ಹಿಡಿಸಬೇಕು, ಅಷ್ಟೇ ನಿಯಮ. ರಾಮರಾಯರು ಸತ್ತ ಕಡೆ ಮುಂದಿನ ಸಲ ಭೀಮರಾಯರು ಸತ್ತರು.

ಪುಟ ಹೀಗಿತ್ತು. ದೊಡ್ಡ ಮನೆ. ದೇವರ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ. ಒಳಗೆ ಮುದುಕ ಯಜಮಾನರ ಹೆಣ. ಬೆಲೆಬಾಳುವ ವಸ್ತುವೊಂದು ಕಾಣೆ. ಅಳುತ್ತ ನಿಂತ ಅಣ್ಣನ ಮಗ. ಬೆಳಗಿನಿಂದ ಕಾಣದ ಅಡಿಗೆಯವನು. 'ಅವನ ಗುರುತು: ಎಡಗೈಯ ಹೆಬ್ಬೆರಳ ಕೆಳಗೆ ಸುಟ್ಟ ಕಲೆ.' ಕೊನೆಯ ಕಂತಿನಲ್ಲಿ ಅಡಿಗೆಯವನು ಯಾವಾಗಲೂ ನಿರಪರಾಧಿ. ಆದರೆ ಮೊದಲ ಕಂತಿನಲ್ಲಿ ಅದು ಹೇಗೆ ಗೊತ್ತಾಗಬೇಕು?

ಆ ಕಲೆಯನ್ನು ಮೇಷ್ಟ್ರು ದೊಡ್ಡ ಸುಳಿವೆಂದು ತಿಳಿದಿದ್ದರು. ಅವರು ಅಡಿಗೆಮನೆಯ ಹೊಸ್ತಿಲು ದಾಟಿದವರಲ್ಲ. "ನಮ್ಮವರ ಕತೇಲಿ ಅಡಿಗೆಯವನು ಓಡ್ತಾನೆ, ಅವಿತ್ಕೋತಾನೆ, ಅಳ್ತಾನೆ. ಒಂದಿನ ಅಡಿಗೆ ಮಾಡಿದ್ದು ಮಾತ್ರ ನೋಡ್ಲಿಲ್ಲ" ಎಂದು ಅವರ ಹೆಂಡತಿ ನಗುತ್ತಿದ್ದರು. ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಮಸಿಬಟ್ಟೆ ಹಿಡಿದು ದಿನಾ ಪಾತ್ರೆ ಇಳಿಸುವವರಿಗೆ ಕೈ ಸುಡುವುದು ಎಲ್ಲಿ? ಅಲ್ಲೇ. ನನಗೂ ಅಲ್ಲೇ ಇತ್ತು. ಐದು ಕತೆಗಳಲ್ಲಿ ಐದು ಸಲ ಆ ಸಾಲಿನ ಕರಡು ತಿದ್ದಿದ್ದೇನೆ. ಕಾಗದ ಹಾರದ ಹಾಗೆ ಒತ್ತಿ ಹಿಡಿಯುತ್ತಿದ್ದದ್ದು ಅದೇ ಎಡಗೈ. ನನಗೆ ಹೊಳೆಯಲಿಲ್ಲ.

ಇದರ ಮೇಲೆ ಮಾಲೀಕರಾದ ಶಿವಣ್ಣನವರದೊಂದು ಸಾಲು. ಪೇಟೆಯಲ್ಲಿ ಮೂರು ತಲೆಮಾರು ಜವಳಿ ಮಾರಿದ ಮನೆತನ. ಹಣೆಯ ವಿಭೂತಿ ಅಳಿಸದ ಹಾಗೆ ಬೆವರು ಒರೆಸಿಕೊಳ್ಳುವ ಶಿಸ್ತಿನ ಮನುಷ್ಯ. ಕತೆಯ ತಲೆಬರಹದ ಕೆಳಗೆ ಅವರು 'ನಡೆದ ಸಂಗತಿ. ಹೆಸರುಗಳನ್ನು ಮಾತ್ರ ಬದಲಿಸಿದೆ' ಎಂದು ಹಾಕಿಸಿದ್ದರು. "ಇದು ಸುಳ್ಳಲ್ವಾ ಸಾರ್?" ಎಂದು ನಾನು ಕೇಳಿದ್ದಕ್ಕೆ, "ಎಲ್ಲೋ ಒಂದ್ಕಡೆ ನಡೆದಿರುತ್ತೆ ಬಿಡಮ್ಮ" ಎಂದಿದ್ದರು. ನಾನು ಬಿಟ್ಟೆ.

ಆ ಬುಧವಾರ ಬೆಳಿಗ್ಗೆ ಪತ್ರಿಕೆ ಬೀದಿಗೆ ಬಿದ್ದಿತ್ತು, ಹೊಸ ಕತೆಯ ಮೊದಲ ಕಂತಿನೊಂದಿಗೆ. ಅಚ್ಚಾದದ್ದು ಶನಿವಾರ. ಗವೀಪುರದ ಒಬ್ಬ ನಿವೃತ್ತ ಅಮಲ್ದಾರರು ತಮ್ಮ ದೇವರ ಕೋಣೆಯಲ್ಲಿ ಸತ್ತದ್ದು ಬುಧವಾರ ನಸುಕಿನಲ್ಲಿ. ಬಾಗಿಲು ಒಡೆದು ನೋಡಬೇಕಾಯಿತು. ಅವರ ಚಿನ್ನದ ಗಡಿಯಾರ ಕಾಣಿಸಲಿಲ್ಲ. ಅಡಿಗೆಯ ನಂಜುಂಡಯ್ಯ ಮನೆಯಲ್ಲಿರಲಿಲ್ಲ. ಸಿಟಿ ಮಾರ್ಕೆಟ್ಟಿಗೆ ತರಕಾರಿಗೆ ಹೋಗಿದ್ದ. ಈಗ ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಯಸ್ಸಾದವರು ದೇವರ ಮುಂದೆ ಬಾಗಿಲು ಹಾಕಿಕೊಂಡೇ ಕೂರುತ್ತಾರೆ. ಸಾವಾದ ಮನೆಯಲ್ಲಿ ಹುಡುಕಿದರೆ ಒಂದು ವಸ್ತು ಸಿಗದೇ ಇರುತ್ತದೆ. ಮೇಷ್ಟ್ರ ಮೊದಲ ಪುಟ ಯಾವ ಮನೆಗೆ ಬೇಕಾದರೂ ಒಪ್ಪುತ್ತಿತ್ತು.

ಬೀದಿಯ ಜನಕ್ಕೆ ಕಂಡದ್ದು ಬೇರೆ. ಪತ್ರಿಕೆಯವರಿಗೆ ಎಲ್ಲ ಗೊತ್ತು, ಹೆಸರು ಮಾತ್ರ ಬದಲಿಸಿದ್ದಾರೆ. ಬಾಳೆಲೆ, ತರಕಾರಿ ಹೊತ್ತು ನಂಜುಂಡಯ್ಯ ಬೀದಿ ತಿರುವಿಗೆ ಬಂದಾಗ ಅವರು ಅವನ ಕೈ ಹಿಡಿದು ನೋಡಿದರು.

ಮುನಿಸ್ವಾಮಿ ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಪತ್ರಿಕೆ ಹಂಚುವವನು ಬಂದು ಇನ್ನೂ ನೂರು ಪ್ರತಿ ಬೇಕೆಂದ. ಶಿವಣ್ಣನವರ ಮುಖ ಅರಳಿತು. ನಾನು ಶಾಲೆಗೆ ಓಡಿದೆ.

ಮೇಷ್ಟ್ರು ಬೋರ್ಡಿನ ಹತ್ತಿರ ಇದ್ದರು. ಕಿಟಕಿಯಿಂದಲೇ ಹೇಳಿದೆ. "ಎಡಗೈಯಾ?" ಎಂದು ಕೇಳಿದರು. ಹೌದೆಂದೆ. ಸೀಮೆಸುಣ್ಣ ಹಿಡಿದುಕೊಂಡೇ ಹೊರಗೆ ಬಂದರು. ಒಂದು ದಿನ ತಡವಾಗಿ ಬರದ ಮೇಷ್ಟ್ರು, ಪಾಠದ ನಡುವೆ ತರಗತಿ ಬಿಟ್ಟು ಜಟಕಾ ಹತ್ತಿದರು. ದಾರಿಯಲ್ಲಿ ಒಂದೇ ಒಂದು ಸಲ, "ಅವನು ಕೊನೇ ಕಂತಿನ ತನಕ ಬದುಕಿರ್ಬೇಕಮ್ಮಾ" ಎಂದರು.

ಅಮಲ್ದಾರರ ಮನೆಯ ಮುಂದೆ ಇನ್ನೂರು ಜನ ಇದ್ದಿರಬಹುದು. ಜಗಲಿಯ ಮೇಲೆ ನಂಜುಂಡಯ್ಯನನ್ನು ಕೂರಿಸಿ ಇಬ್ಬರು ಅವನ ಭುಜ ಒತ್ತಿಹಿಡಿದಿದ್ದರು. ಇದ್ದ ಒಬ್ಬ ಪೊಲೀಸು ಪೇದೆ ಠಾಣೆಗೆ ಹೇಳಿಕಳಿಸಿದ್ದೇನೆಂದು ಹೇಳಿ ಕಂಬಕ್ಕೆ ಒರಗಿ ನಮ್ಮ ಪತ್ರಿಕೆ ಓದುತ್ತಿದ್ದ. ಒಬ್ಬ ಗಟ್ಟಿಯಾಗಿ ಒಂದೊಂದು ಸಾಲು ಓದಿ ನಿಲ್ಲಿಸುತ್ತಿದ್ದ; ಜನ "ಸರಿಹೋಯ್ತು" ಎನ್ನುತ್ತಿದ್ದರು.

"ಕೈ ತೋರ್ಸೋ."

"ಸ್ವಾಮಿ, ಅಡಿಗೆ ಮಾಡೋರಿಗೆಲ್ಲ ಇದು ಇರುತ್ತೆ. ನಿಮ್ಮನೆ ಹೆಂಗಸರ ಕೈ ನೋಡಿ, ಬೇಕಾದ್ರೆ" ಎಂದ ನಂಜುಂಡಯ್ಯ. ಅವನು ಕಿರುಚಲಿಲ್ಲ. ಯಾರಿಗಾದರೂ ಅರ್ಥವಾಗುವ ಮಾತು ಎಂಬ ನಂಬಿಕೆಯಿಂದ ಹೇಳಿದ.

ಆ ಗುಂಪಿನಲ್ಲಿದ್ದ ಹೆಂಗಸು ನಾನೊಬ್ಬಳೇ. ಜಟಕಾದ ಮೆಟ್ಟಿಲ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ ನಿಂತಿದ್ದೆ. ಕೈ ಎತ್ತಿದ್ದರೆ ಸಾಕಾಗಿತ್ತು. ನನ್ನ ಎಡಗೈ ತಾನಾಗಿ ಸೆರಗಿನೊಳಗೆ ಹೋಯಿತು.

"ನಮ್ಮನೆ ಹೆಂಗಸರ ಮಾತು ಎತ್ತುತೀಯೇನೋ?" ಎಂದು ಒಬ್ಬ ಮುಂದೆ ಬಂದ. ನಂಜುಂಡಯ್ಯನ ಎಡಗೈಯನ್ನು ಜಗಲಿಯ ಕಲ್ಲಿನ ಮೇಲೆ ಇಡಿಸಿ ದೊಣ್ಣೆಯಿಂದ ಹೊಡೆದ. ಶಬ್ದ ಒಣಗಿದ ಸೌದೆ ಮುರಿದ ಹಾಗಿತ್ತು. ಮೇಷ್ಟ್ರು ಆ ಹೊತ್ತಿಗೆ ಜನರನ್ನು ನೂಕಿಕೊಂಡು ಜಗಲಿ ಹತ್ತಿದ್ದರು.

"ಇದನ್ನ ಬರೆದೋನು ನಾನು" ಎಂದರು.

"ಗೊತ್ತು ಮೇಷ್ಟ್ರೇ. ನೀವೇ ಹೇಳಿ, ಇವನೇ ತಾನೆ?"

"ಇದೆಲ್ಲ ಕಟ್ಟಿದ್ದು ಕಣ್ರಪ್ಪ. ಸುಳ್ಳು."

"ಪೊಲೀಸಿನೋರು ಇದಾರೆ ಅಂತ ಹಾಗಂತಾರೆ" ಎಂದ ಒಬ್ಬ. ಜನ ಒಪ್ಪಿದರು.

ಆಗ ಅವರು ಹತಾಶೆಯಿಂದ ಒಂದು ತಪ್ಪು ಮಾಡಿದರು. "ಅಡಿಗೆಯವನಲ್ಲ, ಕೊನೇಲಿ ಅಣ್ಣನ ಮಗ ಅಂತ ಬರುತ್ತೆ" ಎಂದುಬಿಟ್ಟರು. ಇನ್ನೂರು ತಲೆಗಳು ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಅಲ್ಲಿ ಅಮಲ್ದಾರರ ಅಣ್ಣನ ಮಗ, ಸ್ನಾನ ಮಾಡಿದ ಒದ್ದೆ ಪಂಚೆಯಲ್ಲಿ ನಿಂತಿದ್ದ. ಚಿಕ್ಕಪ್ಪನ ಮನೆಯಲ್ಲೇ ಬೆಳೆದವನೆಂದು ಆಮೇಲೆ ತಿಳಿಯಿತು. ದೊಣ್ಣೆ ಹಿಡಿದವನು ಮೆಲ್ಲಗೆ ಆ ಕಡೆ ಹೆಜ್ಜೆ ಇಟ್ಟ.

"ಅವನೂ ಅಲ್ಲ" ಎಂದರು ಮೇಷ್ಟ್ರು. ಧ್ವನಿ ತರಗತಿಯ ಧ್ವನಿಗೆ ತಿರುಗಿತ್ತು. "ಕೂತ್ಕೊಳ್ಳಿ. ಪೂರ್ತಿ ಹೇಳ್ತೀನಿ. ಅಂದು ರಾತ್ರಿ ಆ ಮನೆಗೆ ಒಬ್ಬ ಕುಂಟ ಬಂದಿದ್ದ." ಹೇಳುತ್ತಲೇ ನನ್ನ ಕಡೆ ನೋಡಿ ಬಾಯಲ್ಲಿ ಶಬ್ದವಿಲ್ಲದೆ, 'ಹಳೇ ಪುಟಗಳು' ಎಂದರು.

ಅಚ್ಚುಕೂಟದಲ್ಲಿ ಶಿವಣ್ಣನವರು ಹಳೆಯ ಸಂಚಿಕೆಗಳ ಬೀರುವಿನ ಬೀಗದ ಕೈ ಕೊಡಲಿಲ್ಲ. "ಎಲ್ಲಾ ಒಂದೇ ಅಂತ ತೋರಿಸಿದ್ರೆ ಮುಂದಿನ ವಾರದಿಂದ ಯಾರಮ್ಮ ಕೊಳ್ತಾರೆ?"

"ಒಬ್ಬ ಮನುಷ್ಯ ಸಾಯ್ತಾನೆ ಸಾರ್."

"ಕತೆ ಓದಿ ಯಾರೂ ಯಾರನ್ನೂ ಸಾಯ್ಸಲ್ಲ. ಸುಮ್ನೆ ಹೆದರ್ಕೋಬೇಡ."

ಮುನಿಸ್ವಾಮಿ ಹಲಗೆಯಿಂದ ಆ ಕಟ್ಟಿದ ಪುಟವನ್ನು ಇಳಿಸಿದ. ಪ್ರತಿ ಕತೆಗೂ ಒಂದೊಂದರಂತೆ, ಅಚ್ಚಾದ ಮೊದಲ ಹಾಳೆಯನ್ನೇ ಅವನು ಅದಕ್ಕೆ ಸುತ್ತುತ್ತ ಬಂದಿದ್ದ, ಒಂದರ ಮೇಲೊಂದು. ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಐದು ಹಾಳೆ ಬಿಡಿಸಿ ನನ್ನ ಕೈಗೆ ಕೊಟ್ಟ. "ಓಡಮ್ಮಾ" ಎಂದ.

ನಾನು ವಾಪಸು ಬರುವಾಗ ಮುಕ್ಕಾಲು ಗಂಟೆಯ ಮೇಲಾಗಿತ್ತು. ತಿರುವಿನಲ್ಲಿ ಗದ್ದಲ ಕೇಳಿಸಲಿಲ್ಲ. ಎಲ್ಲ ಮುಗಿದುಹೋಯಿತು ಎಂದುಕೊಂಡೆ. ಹತ್ತಿರ ಬಂದರೆ ಜನ ಹರಿಕತೆಗೆ ಕೂತ ಹಾಗೆ ಮಣ್ಣಿನ ಮೇಲೆ ಕೂತಿದ್ದಾರೆ. ಯಾರೋ ಕಡಲೆಕಾಯಿ ಕೂಡ ತಂದಿದ್ದರು. ಮೇಷ್ಟ್ರು ನಂಜುಂಡಯ್ಯನನ್ನು ತಮ್ಮ ಕೋಟಿನ ಹಿಂದೆ ಮರೆಮಾಡಿ ನಿಂತು ಕತೆ ಹೇಳುತ್ತಿದ್ದರು. ಕುಂಟ ಮೈಸೂರಿನ ರೈಲು ಹತ್ತಿದ್ದ. ರೈಲಿನಲ್ಲಿ ಅವನಿಗೆ ಒಬ್ಬ ಸಾಧು ಸಿಕ್ಕಿದ್ದ. ಸಾಧುವಿನ ಚೀಲದಲ್ಲಿ ಒಂದು ಪತ್ರವಿತ್ತು. ಅವರಿಗೆ ಗಂಟಲು ಕಟ್ಟಿತ್ತು. ಮುಗಿಸಿದರೆ ಯಾರೋ ಒಬ್ಬರ ಹೆಸರು ಹೇಳಬೇಕು, ಹೇಳಿದರೆ ಅವರ ಮೇಲೆ ದೊಣ್ಣೆ. ಅದಕ್ಕೇ ಮುಗಿಸದೆ ಎಳೆಯುತ್ತಿದ್ದರು. ಅವರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಹಾಳೆಗಳನ್ನು ನೋಡಿದರು.

ಕೂತವರಲ್ಲಿ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಗುರುತು ಹಿಡಿದು ಐವರನ್ನು ಎಬ್ಬಿಸಿದರು. ಒಬ್ಬೊಬ್ಬನ ಕೈಗೂ ಒಂದೊಂದು ಹಾಳೆ. ಅವರಲ್ಲಿ ಒಬ್ಬ ಕೈಯಲ್ಲಿದ್ದ ದೊಣ್ಣೆಯನ್ನು ಕಂಕುಳಿಗೆ ಸೇರಿಸಿ ಹಾಳೆ ಈಸಿಕೊಂಡ.

"ಮಗ್ಗಿ ಹೇಳಿಸ್ತಿದ್ನಲ್ಲ, ಹಾಗೆ. ಎಲ್ಲಾ ಒಟ್ಟಿಗೆ. ಹೂಂ."

ಐದು ಗಂಡಸರು ಒಂದೇ ಸ್ವರದಲ್ಲಿ ಓದಿದರು. 'ದೇವರ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.' ಐದು ಧ್ವನಿ ಒಂದೇ ಆಗಿ ಹೋಗುತ್ತಿತ್ತು, ಹೆಸರು ಬಂದ ಕಡೆ ಮಾತ್ರ ಐದಾಗಿ ಒಡೆಯುತ್ತಿತ್ತು, ಮತ್ತೆ ಕೂಡುತ್ತಿತ್ತು. ಮೊದಲು ಒಬ್ಬ ಮುದುಕ ನಕ್ಕ. ಆಮೇಲೆ ಹಲವರು. 'ಎಡಗೈಯ ಹೆಬ್ಬೆರಳ ಕೆಳಗೆ ಸುಟ್ಟ ಕಲೆ' ಎಂದು ಐವರೂ ಒಟ್ಟಿಗೆ ಹೇಳುವ ಹೊತ್ತಿಗೆ ನಗು ನಿಂತಿತ್ತು. ದೊಣ್ಣೆಯವನು ಓದುವುದನ್ನು ನಿಲ್ಲಿಸಿ ಹಾಳೆ ಕೆಳಗಿಟ್ಟು ಹೊರಟ. ಹಿಂದಿನ ಸಾಲಿನವರು ಪಂಚೆ ಕೊಡವಿಕೊಂಡು ಎದ್ದರು. ಸಬ್‌ಇನ್‌ಸ್ಪೆಕ್ಟರು ಬರುವಾಗ ಬೀದಿಯಲ್ಲಿ ಕಡಲೆಸಿಪ್ಪೆ ಮಾತ್ರ ಇತ್ತು.

ಅಮಲ್ದಾರರದು ಹೃದಯ ನಿಂತ ಸಾವು ಎಂದರು ಡಾಕ್ಟರು. ಗಡಿಯಾರ ರಿಪೇರಿಗೆ ಕೊಟ್ಟ ಚೀಟಿ ಅವರ ಕೋಟಿನ ಜೇಬಿನಲ್ಲೇ ಸಿಕ್ಕಿತು. ನಂಜುಂಡಯ್ಯನ ಎಡಗೈಯ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಹೊಡೆದವನು ಯಾರೆಂದು ಇನ್ನೂರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲವಂತೆ. ಮೇಷ್ಟ್ರಿಗೆ ಗೊತ್ತಿತ್ತು. ಹೇಳಿಕೆ ಕೊಟ್ಟರು. ಅದಕ್ಕೆ ಸಾಕ್ಷಿ ಕೇಳಿದಾಗ ನಾನೂ ಠಾಣೆಗೆ ಹೋಗಿ ಹೇಳಿದೆ. ಬರೆದುಕೊಂಡರು. ಮುಂದೆ ಏನೂ ಆಗಲಿಲ್ಲ.

ಶನಿವಾರ ಮೇಷ್ಟ್ರು ಅಚ್ಚುಕೂಟಕ್ಕೆ ಬಂದು ಕೋಟು ಬಿಚ್ಚಿ ಆ ಮೊದಲ ಪುಟದ ದಾರ ಬಿಚ್ಚಿದರು. "ನಾನ್ ಮಾಡ್ತೀನಿ ಸಾಮಿ" ಎಂದ ಮುನಿಸ್ವಾಮಿಯನ್ನು ಬೇಡವೆಂದರು. ಒಂದೊಂದೇ ಅಕ್ಷರ ಕಣ್ಣಿನ ಹತ್ತಿರ ಹಿಡಿದು ಗೂಡಿಗೆ ಹಾಕಿದರು, ಸಂಜೆಯ ತನಕ. ಅರ್ಧಕ್ಕರ್ಧ ತಪ್ಪು ಗೂಡಿಗೆ. ತಿಂಗಳುಗಟ್ಟಲೆ ಮದುವೆ ಕಾಗದಗಳಲ್ಲೂ ಜಾಹೀರಾತುಗಳಲ್ಲೂ ಬೇಡದ ಅಕ್ಷರಗಳು ಬರುತ್ತಿದ್ದವು, ನಾನು ತಿದ್ದುತ್ತಿದ್ದೆ.

ಆಮೇಲೆ ಅವರು ಬರೆಯಲಿಲ್ಲ. ಶಿವಣ್ಣನವರು ಬೇರೊಬ್ಬರಿಂದ ಬರೆಸಿದರು. ಮೊದಲ ಕಂತಿನ ಕರಡು ನನ್ನ ಮೇಜಿಗೆ ಬಂತು. ದೊಡ್ಡ ಮನೆ, ಒಳಗಿನಿಂದ ಹಾಕಿದ ಚಿಲಕ. ಈ ಸಲ ಕಾಣೆಯಾದವನು ತೋಟದ ಮಾಲಿ. ಆ ದಿನವೇ ಕೆಲಸ ಬಿಟ್ಟೆ. ಪತ್ರಿಕೆ ಮೊದಲಿಗಿಂತ ಹೆಚ್ಚು ಮಾರಾಟವಾಯಿತೆಂದು ಮುನಿಸ್ವಾಮಿ ಹೇಳಿದ.

ಮೇಷ್ಟ್ರನ್ನು ಹಬ್ಬ ಹರಿದಿನಕ್ಕೆ ಹೋಗಿ ನೋಡುತ್ತಿದ್ದೆ. ಒಮ್ಮೆ ಅವರೇ ಹಳೆಯ ಮಾತನ್ನು ಎತ್ತಿದರು. "ಎಲ್ಲಾ ಯಾಕೆ ಒಂದೇ ಥರ ಅಂತ ಕೇಳ್ತಿದ್ದೆಯಲ್ಲ. ಜಗಲಿ ಮೇಲೆ ನಿಂತಿದ್ದಾಗ ಗೊತ್ತಾಯ್ತು. ಜನ ಮೊದಲೇ ತಿರುಗಿ ನಿಂತಿರ್ತಾರೆ. ಬರೆಯೋನು ಅವರು ನೋಡ್ತಿರೋ ಕಡೆ ಬೆರಳು ತೋರಿಸ್ತಾನೆ. ನಾನು ಅದನ್ನ ಸುಳಿವು ಅಂದ್ಕೊಂಡಿದ್ದೆ." ಆಮೇಲೆ, "ಅಡಿಗೆಮನೆಗೆ ಹೋಗಿ ಇವಳ ಕೈ ನೋಡ್ದೆ ಕಣಮ್ಮ, ಅವತ್ತು ರಾತ್ರಿ. ಮೂವತ್ತು ವರ್ಷದಲ್ಲಿ ಮೊದಲನೇ ಸಲ" ಎಂದರು. ನನ್ನ ಎಡಗೈಯನ್ನು ಅವರು ನೋಡಬಾರದೆಂದು ಕಾಫಿ ಲೋಟವನ್ನು ಬಲಗೈಯೊಂದರಲ್ಲೇ ಈಸಿಕೊಂಡೆ. ಅವರಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಆರು ವರ್ಷ. ರಾತ್ರಿ ಯಾವ ಹೊತ್ತಿಗೋ ಸೌದೆ ಮುರಿದ ಶಬ್ದಕ್ಕೆ ಎದ್ದು ಕೂರುತ್ತಿದ್ದೆ. ಎದ್ದಾಗ ಎಡಗೈ ಮೈಯ ಕೆಳಗೆ ಮಡಚಿಕೊಂಡು ಜೋಮು ಹಿಡಿದಿರುತ್ತಿತ್ತು.

ಮೇಷ್ಟ್ರ ವೈಕುಂಠ ಸಮಾರಾಧನೆಯ ದಿನ ಕೈನೆರವಿಗೆಂದು ಬೇಗ ಹೋದೆ. ಹಿತ್ತಲಿನ ಒಲೆಗಳ ಮುಂದೆ ನಂಜುಂಡಯ್ಯ ಇದ್ದ. ತಲೆ ನರೆತಿತ್ತು. ಕರೆಯದೆ ತಾನಾಗಿ ಬಂದು, ಇವತ್ತಿನ ಅಡಿಗೆ ನನ್ನದು ಎಂದನಂತೆ. ಬಲಗೈಯಲ್ಲಿ ಸೌಟು, ಸೊಟ್ಟಗಾದ ಎಡಗೈಗೆ ಮೊಣಕೈಯ ತನಕ ಮಸಿಬಟ್ಟೆ ಸುತ್ತಿ ಪಾತ್ರೆಯನ್ನು ಅದಕ್ಕೆ ಆನಿಸಿಕೊಳ್ಳುತ್ತಿದ್ದ. ನಾನು ಕುಂಬಳಕಾಯಿ ಹೆಚ್ಚಲು ಕೂತೆ. ಅರ್ಧ ಕಾಯಿ ಹೆಚ್ಚಿದೆ. ಆಮೇಲೆ ಈಳಿಗೆಮಣೆ ಬಿಟ್ಟು ಎದ್ದು ಅವನ ಮುಂದೆ ಎಡಗೈ ಚಾಚಿದೆ.

"ಅವತ್ತು ನಾನೂ ಅಲ್ಲಿದ್ದೆ. ಇದು ಇತ್ತು. ತೋರಿಸ್ಲಿಲ್ಲ."

ಅವನು ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಮ್ಮ. ಜಟಕಾ ಮೇಲೆ ನಿಂತಿದ್ರಿ. ಸೆರಗಿಗೆ ಹಾಕ್ಕೊಂಡಿದ್ದು ನೋಡ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ? ಅಗೋ ಅವರನ್ನ ನೋಡಿ ಅಂತ ಒಂದು ಮಾತು ಅಂದಿದ್ರೆ..."

"ಅಂದಿದ್ರೆ ನಿಮ್ ಕಡೆ ತಿರುಗ್ತಿದ್ರು" ಎಂದ. ಆಮೇಲೆ ಹುಳಿಯ ಪಾತ್ರೆಯ ಮುಚ್ಚಳವನ್ನು ಸರಿಸಿದ. "ಎಡೆ ಆಗೋ ತನಕ ರುಚಿ ನೋಡೋ ಹಾಗಿಲ್ಲ. ನನಗೆ ನೆಗಡಿ. ಸ್ವಲ್ಪ ವಾಸನೆ ನೋಡಿ ಹೇಳಿ, ಉಪ್ಪು ಸಾಕಾ?"

ಬಗ್ಗಿ ಹಬೆಗೆ ಮುಖ ಕೊಟ್ಟೆ. ಒಂದು ಚಿಟಿಕೆ ಬೇಕು ಎಂದೆ. ಹಾಕಿದ.

ಅಂದು ಶುಕ್ರವಾರ. ಆ ರಾತ್ರಿ ಒಂಬತ್ತಕ್ಕೆ ಮಲಗಿದವಳಿಗೆ ಎಚ್ಚರವಾದದ್ದು ಶನಿವಾರ ಬೆಳಿಗ್ಗೆ, ಹಾಲಿನವಳು ಎರಡನೆಯ ಸಲ ಬಾಗಿಲು ತಟ್ಟಿದಾಗ. ಎಡಗೈ ಹೊದಿಕೆಯ ಹೊರಗಿತ್ತು.